ಶೂಟಿಂಗ್ ಕ್ಲಬ್ಬಿನ ನೆಲದಲ್ಲಿರುವ ಸೀಸ: ಸಮಿತಿಯ ಮೇಲೆ ಬೀಳುವ ಹೊಣೆ ಮತ್ತು ಅದನ್ನು ಎದುರಿಸುವ ಬಗೆ

ಅಮೆರಿಕದ ಈಶಾನ್ಯ ಭಾಗದ ಒಂದು ಸಣ್ಣ ಊರಿನಲ್ಲಿ, ಸದಸ್ಯರೇ ಚಂದಾ ಹಾಕಿ ನಡೆಸುವ ಶೂಟಿಂಗ್ ಕ್ಲಬ್ಬಿಗೆ ನಾನು ಆರು ವರ್ಷ ಖಜಾಂಚಿಯಾಗಿದ್ದೆ. ಹುಟ್ಟಿ ಬೆಳೆದದ್ದು ಕೊಡಗಿನಲ್ಲಾದ್ದರಿಂದ ಕೋವಿ, ತೋಟೆ, ತೋಟೆಯೊಳಗಿನ ಸೀಸದ ಸಣ್ಣ ಗುಂಡುಗಳಾದ ಚರೆ ಇವು ನನಗೆ ಹೊಸವಲ್ಲ. ಆದರೆ ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ನಾಲ್ಕು ಈಡು ಹೊಡೆಯುವುದಕ್ಕೂ, ಅರವತ್ತು ಎಪ್ಪತ್ತು ವರ್ಷಗಳ ಕಾಲ ವಾರ ತಪ್ಪದೆ ಒಂದೇ ನೆಲದ ಮೇಲೆ ಚರೆ ಸುರಿಸುವುದಕ್ಕೂ ಇರುವ ಅಂತರ ನನಗೆ ಮನದಟ್ಟಾದದ್ದು, ಕೆಳಗಿನ ತೊರೆಯ ಪಕ್ಕದ ಜಮೀನಿನವರ ವಕೀಲರಿಂದ, ಕ್ಲಬ್ಬಿನ ಸೀಸದ ಬಗ್ಗೆ ದಾವೆ ಹೂಡುತ್ತೇವೆಂಬ ಮುನ್ಸೂಚನೆಯ ಪತ್ರ ಬಂದಾಗ. ಆ ಪತ್ರ ಬಂದ ದಿನ ಕ್ಲಬ್ಬಿನ ಬ್ಯಾಂಕ್ ಖಾತೆಯಲ್ಲಿದ್ದ ಹಣ ಒಬ್ಬ ಒಳ್ಳೆಯ ಪರಿಸರ ವಕೀಲರ ಮೂರು ತಿಂಗಳ ಶುಲ್ಕಕ್ಕೂ ಸಾಲುವಂತಿರಲಿಲ್ಲ.

ಇಂಥ ಕ್ಲಬ್ಬಿನ ಸಮಿತಿಗೆ ಬರುವವರಿಗೆ, ವಿಶೇಷವಾಗಿ ಉತ್ಸಾಹದಿಂದ ಕೈಯೆತ್ತಿ ಖಜಾಂಚಿಯಾಗುವ ನಮ್ಮಂಥ ವಲಸಿಗರಿಗೆ, ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಪ್ರತಿ ರಾಜ್ಯದ ಕಾನೂನೂ ಬೇರೆಯಾದ್ದರಿಂದ ಸ್ಥಳೀಯ ವಕೀಲರ ಸಲಹೆಗೆ ಇದು ಬದಲಿಯಲ್ಲ. ಆದರೆ ವಕೀಲರ ಮುಂದೆ ಕುಳಿತಾಗ ಏನು ಕೇಳಬೇಕು, ಯಾವ ಕಾಗದ ಕೈಯಲ್ಲಿರಬೇಕು ಎಂಬುದನ್ನು ಮಾತ್ರ ಅನುಭವದಿಂದ ಹೇಳಬಲ್ಲೆ. ಕ್ಲಬ್ಬಿನ ಹೊಣೆಯ ಗಾತ್ರವನ್ನು ನಿರ್ಧರಿಸುವುದು ಬಹುಮಟ್ಟಿಗೆ ಎರಡು ಸಂಗತಿಗಳು: ನೆಲದಲ್ಲಿ ಬಿದ್ದಿರುವ ಸೀಸ, ಮತ್ತು ಕಪಾಟಿನಲ್ಲಿ ಬಿದ್ದಿರುವ ಕಾಗದ. ಎರಡನ್ನೂ ಪತ್ರ ಬರುವ ಮೊದಲೇ ಎಣಿಸಿಟ್ಟುಕೊಳ್ಳಬೇಕು.

ಮೊದಲು ಸೀಸದ ಲೆಕ್ಕ

ಗಾಳಿಯಲ್ಲಿ ಹಾರಿಸಿದ ತಟ್ಟೆಗೆ ಕೋವಿಯಿಂದ ಹೊಡೆಯುವ ಟ್ರ್ಯಾಪ್ ಅಥವಾ ಸ್ಕೀಟ್ ಆಟದಲ್ಲಿ ಒಂದು ತೋಟೆಯಲ್ಲಿ ಸಾಮಾನ್ಯವಾಗಿ 24ರಿಂದ 32 ಗ್ರಾಂ ಚರೆ ಇರುತ್ತದೆ. 28 ಗ್ರಾಂ ಎಂದು ಹಿಡಿದರೆ, ಇಪ್ಪತ್ತೈದು ಹೊಡೆತಗಳ ಒಂದು ಸುತ್ತಿಗೆ 700 ಗ್ರಾಂ, ನಾಲ್ಕು ಸುತ್ತಿಗೆ 2.8 ಕಿಲೋ. ವಾರಕ್ಕೆ ಮೂವತ್ತು ಜನ ನಾಲ್ಕು ನಾಲ್ಕು ಸುತ್ತು ಹೊಡೆದರೆ ವಾರಕ್ಕೆ 84 ಕಿಲೋ, ವರ್ಷಕ್ಕೆ ಐವತ್ತು ವಾರದಂತೆ ನಾಲ್ಕು ಟನ್ನಿಗೂ ಹೆಚ್ಚು. ಇದು ದೊಡ್ಡ ಕ್ಲಬ್ಬಿನ ಲೆಕ್ಕವಲ್ಲ, ಶನಿವಾರ ಭಾನುವಾರ ಮಾತ್ರ ಬಾಗಿಲು ತೆರೆಯುವ ಕ್ಲಬ್ಬಿನ ಲೆಕ್ಕ. ತೋಟೆ ಖರೀದಿಯ ಹಳೆಯ ರಸೀದಿ, ಸುತ್ತಿನ ಶುಲ್ಕದ ಪುಸ್ತಕ, ಅಂಕಪಟ್ಟಿ ಇವುಗಳಿಂದ ದಶಕವಾರು ಅಂದಾಜು ಮಾಡಿ ಒಂದು ಹಾಳೆಯಲ್ಲಿ ಬರೆಯಿರಿ. ಎದುರು ಪಕ್ಷದ ತಜ್ಞರು ಮಾಡುವ ಮೊದಲ ಕೆಲಸವೇ ಅದು. ನಿಮಗೆ ಗೊತ್ತಿಲ್ಲದ ಅಂಕಿಯನ್ನು ಅವರ ಬಾಯಿಂದ ಕೇಳುವಂತಾಗಬಾರದು.

ಸೀಸ ಎಲ್ಲಿ ಬಿದ್ದಿದೆ ಎಂಬುದು ಮುಂದಿನ ಪ್ರಶ್ನೆ. ರೈಫಲ್ ಮತ್ತು ಪಿಸ್ತೂಲಿನ ಗುಂಡು ಮಣ್ಣಿನ ದಿಬ್ಬದೊಳಗೆ ಒಂದೇ ಕಡೆ ಸೇರಿಕೊಳ್ಳುವುದರಿಂದ ಅದನ್ನು ಹುಡುಕುವುದು ಸುಲಭ. ಚರೆಯ ಕಥೆ ಬೇರೆ. ಟ್ರ್ಯಾಪ್ ಸಾಲಿನಿಂದ ಹಾರಿದ ಚರೆಯಲ್ಲಿ ಹೆಚ್ಚಿನ ಪಾಲು ಸುಮಾರು 115ರಿಂದ 180 ಮೀಟರ್ ದೂರದಲ್ಲಿ ಉದುರುತ್ತದೆ, ಕೆಲವು 230 ಮೀಟರ್ ದಾಟುತ್ತವೆ. ಬೀಸಣಿಗೆಯ ಆಕಾರದ ಈ ಪಟ್ಟಿಯನ್ನು ಸರ್ವೆ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಎಳೆದು ನೋಡಿದಾಗ ನಮ್ಮ ಕ್ಲಬ್ಬಿನ ಬೇಲಿ ಎಲ್ಲಿ ಮುಗಿಯುತ್ತದೆ, ಚರೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಮೊದಲ ಸಲ ಕಣ್ಣಿಗೆ ಬಿತ್ತು. ಬೀಸಣಿಗೆಯ ಬಲ ಅಂಚು ತೊರೆಯನ್ನು ದಾಟಿತ್ತು. ಐದನೆಯ ಅಂಕಣವನ್ನು, ಅಂದರೆ ನಿಂತು ಹೊಡೆಯುವ ಐದನೆಯ ಜಾಗವನ್ನು, ತೊರೆಯ ಕಡೆಗೆ ಮುಖ ಮಾಡಿ ಕಟ್ಟಿದವರು ಯಾರು, ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ.

ಆ ಅಂಚಿನಲ್ಲಿ ನಾನೇ ಒಂದು ಮುಷ್ಟಿ ಮಣ್ಣು ತೆಗೆದು, ಅಡುಗೆಮನೆಯ ಹಿಟ್ಟಿನ ಜರಡಿಯಲ್ಲಿ ನೀರು ಹಾಕಿ ಗಾಳಿಸಿದೆ. ಕೈಗವಸು ಹಾಕಿಕೊಂಡಿದ್ದೆ, ಜರಡಿಯನ್ನು ಮತ್ತೆ ಮನೆಗೆ ತರಲಿಲ್ಲ. ಬೂದು ಬಣ್ಣದ ಮಂಜಿನಂಥ ಪೊರೆ ಹೊತ್ತ ಚರೆಗಳು, ನಡುವೆ ಕಪ್ಪು ಅಂಚಿನ ಕಿತ್ತಳೆ ಬಣ್ಣದ ಚೂರುಗಳು. ಆ ಪೊರೆಯೇ ಸೀಸದ ತುಕ್ಕು. ಮಣ್ಣು ಹುಳಿಯಾಗಿದ್ದರೆ ಅದು ಕರಗಿ ನೀರಿನೊಡನೆ ಹರಿಯುತ್ತದೆ. ಅದಕ್ಕೆಂದೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2001ರಲ್ಲಿ ಪ್ರಕಟಿಸಿ 2005ರಲ್ಲಿ ಪರಿಷ್ಕರಿಸಿದ ಹೊರಾಂಗಣ ರೇಂಜುಗಳ, ಅಂದರೆ ಗುಂಡು ಹೊಡೆಯುವ ಬಯಲುಗಳ, ಸೀಸ ನಿರ್ವಹಣಾ ಕೈಪಿಡಿಯು ಮಣ್ಣಿನ ಹುಳಿಯನ್ನು ಅಳೆಯುವ ಪಿಎಚ್ ಮಟ್ಟವನ್ನು 6.5ರಿಂದ 8.5ರ ನಡುವೆ ಇಡಲು, ಬೇಕಾದರೆ ಸುಣ್ಣ ಹಾಕಲು ಹೇಳುತ್ತದೆ. ಕಿತ್ತಳೆ ಚೂರುಗಳು ಹಾರಿಸಿ ಹೊಡೆಯುವ ಕ್ಲೇ ತಟ್ಟೆಯವು. ಹೆಸರಿಗೆ ಜೇಡಿಮಣ್ಣು, ಆದರೆ ಸಾಂಪ್ರದಾಯಿಕ ತಟ್ಟೆಯಲ್ಲಿರುವುದು ಸುಣ್ಣಕಲ್ಲಿನ ಪುಡಿ ಮತ್ತು ಪೆಟ್ರೋಲಿಯಂ ಇಲ್ಲವೇ ಕಲ್ಲಿದ್ದಲಿನ ಡಾಂಬರು. ಈ ಡಾಂಬರಿನಲ್ಲಿ ಪಿಎಎಚ್ ಎಂದು ಕರೆಯುವ, ಕೆಲವು ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳಿರುತ್ತವೆ. ಸೀಸದ ಬಗ್ಗೆ ಮಾತ್ರ ಯೋಚಿಸಿ ತಟ್ಟೆಯನ್ನು ಮರೆಯುವುದು ಸಮಿತಿಗಳು ಮಾಡುವ ಸಾಮಾನ್ಯ ತಪ್ಪು.

ಹೊಣೆ ಯಾವ ದಾರಿಯಿಂದ ಬರುತ್ತದೆ

ಅಮೆರಿಕದಲ್ಲಿ ಒಕ್ಕೂಟ ಮಟ್ಟದ ಮೂರು ಕಾನೂನುಗಳನ್ನು ಸಮಿತಿಯವರು ಹೆಸರು ಹಿಡಿದು ಗುರುತಿಸಬೇಕು. 1972ರ ಶುದ್ಧ ನೀರಿನ ಕಾಯ್ದೆಯ ಪ್ರಕಾರ, ಗುರುತಿಸಬಹುದಾದ ಒಂದು ನಿರ್ದಿಷ್ಟ ಮೂಲದಿಂದ ಜಲಮೂಲಕ್ಕೆ ಮಾಲಿನ್ಯಕಾರಕ ಸೇರಿಸಲು ಪರವಾನಗಿ ಬೇಕು. ಪರವಾನಗಿಯಿಲ್ಲದೆ ಸೇರಿಸಿದರೆ ದಿನವೊಂದಕ್ಕೆ, ಉಲ್ಲಂಘನೆಯೊಂದಕ್ಕೆ, ಈಗಿನ ದರದಲ್ಲಿ 60 ಸಾವಿರ ಡಾಲರಿಗೂ ಮಿಕ್ಕಿದ ದಂಡ ವಿಧಿಸಬಹುದು. 1976ರ ತ್ಯಾಜ್ಯ ಕಾಯ್ದೆಯು, ಬಿಸಾಡಿದ ತ್ಯಾಜ್ಯದಿಂದ ಆರೋಗ್ಯಕ್ಕೆ ಅಥವಾ ಪರಿಸರಕ್ಕೆ ಸನ್ನಿಹಿತವೂ ಗಣನೀಯವೂ ಆದ ಅಪಾಯ ಒದಗುವ ಸಂಭವವಿದ್ದರೆ ಸಾಮಾನ್ಯ ನಾಗರಿಕರೂ ನ್ಯಾಯಾಲಯಕ್ಕೆ ಹೋಗಿ ಶುದ್ಧೀಕರಣದ ಆದೇಶ ಕೇಳಲು ಅವಕಾಶ ಕೊಡುತ್ತದೆ. ಸೂಪರ್‌ಫಂಡ್ ಎಂದು ಹೆಸರಾದ 1980ರ ಕಾಯ್ದೆಯು ಶುದ್ಧೀಕರಣಕ್ಕೆ ಆದ ಖರ್ಚನ್ನು ಈಗಿನ ಮಾಲೀಕರಿಂದಲೂ, ಮಾಲಿನ್ಯ ಆದ ಕಾಲದಲ್ಲಿ ಜಾಗವನ್ನು ನಡೆಸುತ್ತಿದ್ದವರಿಂದಲೂ ವಸೂಲು ಮಾಡಲು ದಾರಿ ಮಾಡುತ್ತದೆ. ಇಲ್ಲಿ ತಪ್ಪು ಮಾಡುವ ಉದ್ದೇಶವಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. 1980ಕ್ಕೂ ಹಿಂದಿನ ಕೃತ್ಯಕ್ಕೂ ಅದು ಅನ್ವಯಿಸುತ್ತದೆ, ಹಾನಿಯನ್ನು ಪಾಲು ಮಾಡಲು ಬಾರದಿದ್ದರೆ ಪೂರ್ತಿ ಮೊತ್ತವನ್ನು ಒಬ್ಬರಿಂದಲೇ ಕೇಳಬಹುದು. ಇವುಗಳ ಜೊತೆಗೆ ರಾಜ್ಯದ ಕಾನೂನು, ನೆರೆಯವರು ಹೂಡಬಹುದಾದ ಉಪದ್ರವ ಮತ್ತು ಅತಿಕ್ರಮಣದ ದಾವೆ. ಅನೇಕ ರಾಜ್ಯಗಳಲ್ಲಿ ರೇಂಜುಗಳಿಗೆ ರಕ್ಷಣೆ ಕೊಡುವ ಕಾನೂನಿದೆ ಎಂದು ಹಳೆಯ ಸದಸ್ಯರು ಧೈರ್ಯ ಹೇಳುತ್ತಾರೆ. ಆ ರಕ್ಷಣೆ ಮುಖ್ಯವಾಗಿ ಶಬ್ದದ ದೂರುಗಳಿಗೆ ಸಂಬಂಧಿಸಿದ್ದು, ಒಕ್ಕೂಟದ ಪರಿಸರ ಕಾನೂನನ್ನು ಅದು ತಡೆಯುವುದಿಲ್ಲ.

ಕಾಯ್ದೆಗಿಂತ ತೀರ್ಪುಗಳನ್ನು ಓದಿದರೆ ಹೆಚ್ಚು ತಿಳಿಯುತ್ತದೆ. ಕನೆಕ್ಟಿಕಟ್ಟಿನ ಸ್ಟ್ರಾಟ್‌ಫರ್ಡಿನಲ್ಲಿ ಲಾಂಗ್ ಐಲೆಂಡ್ ಸೌಂಡ್ ದಂಡೆಯ ಲಾರ್ಡ್‌ಶಿಪ್ ಗನ್ ಕ್ಲಬ್ ರೆಮಿಂಗ್ಟನ್ ಕಂಪನಿಯ ಒಡೆತನದಲ್ಲಿತ್ತು. ಸುಮಾರು ಎಪ್ಪತ್ತು ವರ್ಷಗಳಲ್ಲಿ ಅಲ್ಲಿ ನೆಲ ಮತ್ತು ನೀರು ಸೇರಿದ ಸೀಸದ ಚರೆ ಸುಮಾರು 2,400 ಟನ್. 1993ರಲ್ಲಿ ಒಕ್ಕೂಟದ ಎರಡನೆಯ ಸರ್ಕಿಟ್ (ಪ್ರಾಂತ್ಯದ) ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನಲ್ಲಿ ಎರಡು ಪಾಠಗಳಿವೆ. ಹೊಡೆಯುವುದು ಪೂರ್ತಿ ನಿಂತುಹೋಗಿದ್ದರಿಂದ ನೀರಿನ ಕಾಯ್ದೆಯ ಕೆಳಗಿನ ನಾಗರಿಕ ದಾವೆ ನಿಲ್ಲಲಿಲ್ಲ. ಆದರೆ ವರ್ಷಗಟ್ಟಲೆ ಬಿದ್ದುಕೊಂಡು ಸಂಗ್ರಹವಾದ ಚರೆ ಮತ್ತು ತಟ್ಟೆಯ ಚೂರು ತ್ಯಾಜ್ಯ ಕಾಯ್ದೆಯ ವಿಶಾಲ ಅರ್ಥದಲ್ಲಿ ಬಿಸಾಡಿದ ಘನತ್ಯಾಜ್ಯವೇ ಎಂದು ನ್ಯಾಯಾಲಯ ಹೇಳಿತು. 'ಮುಚ್ಚಿಬಿಟ್ಟರೆ ಮುಗಿಯಿತು' ಎಂಬ ಮಾತನ್ನು ಸಭೆಯಲ್ಲಿ ಯಾರಾದರೂ ಆಡಿದರೆ ಈ ತೀರ್ಪನ್ನು ಮುಂದಿಡಿ.

1996ರಲ್ಲಿ ನ್ಯೂಯಾರ್ಕಿನ ಜಿಲ್ಲಾ ನ್ಯಾಯಾಲಯದ ಮುಂದೆ ಬಂದದ್ದು ನ್ಯೂಯಾರ್ಕ್ ಅಥ್ಲೆಟಿಕ್ ಕ್ಲಬ್, ಅಂದರೆ ಪಕ್ಕಾ ಸದಸ್ಯರ ಕ್ಲಬ್. ಟ್ರಾವರ್ಸ್ ಐಲೆಂಡಿನ ಅದರ ಟ್ರ್ಯಾಪ್ ರೇಂಜಿನ ಚರೆ ನೀರಿನ ಮೇಲೆ ಬೀಳುತ್ತಿತ್ತು. ರೇಂಜೇ ಒಂದು ನಿರ್ದಿಷ್ಟ ಮೂಲ, ಚರೆ ಮತ್ತು ತಟ್ಟೆಯ ಚೂರು ಎರಡೂ ಮಾಲಿನ್ಯಕಾರಕ, ಆದ್ದರಿಂದ ನೀರಿನ ಕಾಯ್ದೆಯ ಪರವಾನಗಿ ಬೇಕು ಎಂದು ತೀರ್ಪಾಯಿತು. ನೀರಿನ ಕಡೆಗೆ ಮುಖ ಮಾಡಿದ ಅಂಕಣವಿರುವ ಪ್ರತಿ ಕ್ಲಬ್ಬೂ ಆ ಅಂಕಣವನ್ನು ಇವತ್ತೇ ನಿಲ್ಲಿಸಿ ಆಮೇಲೆ ಚರ್ಚಿಸುವುದು ಲೇಸು.

ಕ್ಲಬ್ಬು ಗೆದ್ದ ಮೊಕದ್ದಮೆಯೂ ಇದೆ. ಕನೆಕ್ಟಿಕಟ್ಟಿನ ಸಿಮ್ಸ್‌ಬರಿಯಲ್ಲಿ ಫಾರ್ಮಿಂಗ್ಟನ್ ನದಿಯ ಸಮೀಪದ ಮೆಟಕಾನ್ ಗನ್ ಕ್ಲಬ್ ವಿರುದ್ಧ ನೆರೆಯವರ ಸಂಘ ಹೂಡಿದ ದಾವೆ 2009ರಲ್ಲಿ ಅದೇ ಎರಡನೆಯ ಸರ್ಕಿಟ್ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಚಾಲ್ತಿಯಲ್ಲಿರುವ ರೇಂಜಿನಲ್ಲಿ ಗುಂಡು ಅದರ ಉದ್ದೇಶಕ್ಕೆ ತಕ್ಕಂತೆಯೇ ಬಳಕೆಯಾಗುತ್ತಿರುವುದರಿಂದ ತ್ಯಾಜ್ಯದ ಪರವಾನಗಿ ಬೇಕಿಲ್ಲ, ಮಣ್ಣಿನಲ್ಲಿ ಸೀಸವಿದೆ ಎಂದ ಮಾತ್ರಕ್ಕೆ ಗಣನೀಯ ಅಪಾಯ ಸಾಬೀತಾಗುವುದಿಲ್ಲ, ನಿರ್ದಿಷ್ಟ ಮೂಲದಿಂದ ಸೀಸ ಜೌಗಿಗೆ ಸೇರಿತೆಂಬುದಕ್ಕೂ ಸಾಕ್ಷ್ಯ ಸಾಲದು ಎಂದಿತು ನ್ಯಾಯಾಲಯ. ಈ ತೀರ್ಪು ಸಮಾಧಾನ ಕೊಡುತ್ತದೆ, ನಿಜ. ಆದರೆ ಅದು ಬರಲು ಐದು ವರ್ಷ ಹಿಡಿಯಿತು. ಐದು ವರ್ಷ ವಕೀಲರನ್ನೂ ತಜ್ಞರನ್ನೂ ಸಾಕುವ ಶಕ್ತಿ ಎಷ್ಟು ಕ್ಲಬ್ಬುಗಳಿಗಿದೆ? ಮೇಲಾಗಿ ಈ ನಾಗರಿಕ ದಾವೆಗಳಲ್ಲಿ ಸೋತರೆ ಎದುರು ಪಕ್ಷದ ವಕೀಲರ ಶುಲ್ಕವನ್ನೂ ಕ್ಲಬ್ಬೇ ಕೊಡಬೇಕಾಗಿ ಬರಬಹುದು.

2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸ್ಯಾಕೆಟ್ ಮೊಕದ್ದಮೆಯಲ್ಲಿ, ಯಾವ ಜೌಗು ನೆಲ ಒಕ್ಕೂಟದ ನೀರಿನ ಕಾಯ್ದೆಗೆ ಒಳಪಡುತ್ತದೆ ಎಂಬ ವ್ಯಾಪ್ತಿಯನ್ನು ಬಹಳ ಕಿರಿದು ಮಾಡಿತು. ಇದರಿಂದ ಕೆಲವು ಕ್ಲಬ್ಬುಗಳಿಗೆ ಉಸಿರಾಡಲು ಎಡೆ ಸಿಕ್ಕಿದೆ. ರಾಜ್ಯದ ಜೌಗು ಕಾನೂನು ಮಾತ್ರ ಹಾಗೆಯೇ ಉಳಿದಿದೆ.

ಯಾರ ಹೆಗಲಿಗೆ

ಜಮೀನು ಯಾರದು, ಕ್ಲಬ್ಬು ಯಾವ ರೂಪದಲ್ಲಿ ನೋಂದಾಯಿತವಾಗಿದೆ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ತೆಗೆಯಿರಿ. ನಮ್ಮ ಕ್ಲಬ್ಬು ಲಾಭರಹಿತ ನಿಗಮವೆಂದು ಎಲ್ಲರೂ ನಂಬಿದ್ದರು. ರಾಜ್ಯದ ದಫ್ತರದಲ್ಲಿ ಹುಡುಕಿದಾಗ ವಾರ್ಷಿಕ ವರದಿ ಸಲ್ಲಿಸದ ಕಾರಣಕ್ಕೆ ನೋಂದಣಿ ಎಂದೋ ರದ್ದಾಗಿತ್ತು, ಅದನ್ನು ಮತ್ತೆ ಜೀವಂತಗೊಳಿಸಲು ತಿಂಗಳುಗಳೇ ಬೇಕಾದವು. ನಿಗಮವಾಗಿದ್ದರೆ ಸಾಮಾನ್ಯ ಸದಸ್ಯರ ಮನೆ, ಉಳಿತಾಯಗಳು ಬಹುತೇಕ ಸುರಕ್ಷಿತ. ನೋಂದಣಿಯಿಲ್ಲದ ಕೂಟವಾಗಿದ್ದರೆ ರಾಜ್ಯದಿಂದ ರಾಜ್ಯಕ್ಕೆ ಉತ್ತರ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ 2008ರಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು: ಸುಮಾರು 900 ಸದಸ್ಯರ, ನೋಂದಣಿಯಿಲ್ಲದ ಒಂದು ಗಾಲ್ಫ್ ಕ್ಲಬ್ಬಿನ ಎಣ್ಣೆ ಸೋರಿ ತೊರೆ ಸೇರಿದಾಗ ಅದರ ಅಧ್ಯಕ್ಷ ಮತ್ತು ಖಜಾಂಚಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ಕ್ಲಬ್ಬನ್ನೂ ಪ್ರಾಸಿಕ್ಯೂಟ್ ಮಾಡಬಹುದು, ಸದಸ್ಯರನ್ನೂ ಮಾಡಬಹುದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಸೋರಿಕೆಯಲ್ಲಿ ಆ ಇಬ್ಬರ ವೈಯಕ್ತಿಕ ತಪ್ಪಿತ್ತೆಂದು ಯಾರೂ ಆರೋಪಿಸಿರಲಿಲ್ಲ.

ಅಮೆರಿಕದಲ್ಲಿ ಪದಾಧಿಕಾರಿಗಳ ವೈಯಕ್ತಿಕ ಹೊಣೆಯ ಅಳತೆಗೋಲು ಸೂಪರ್‌ಫಂಡ್ ಕಾಯ್ದೆಯ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 1998ರ ಬೆಸ್ಟ್‌ಫುಡ್ಸ್ ತೀರ್ಪಿನಲ್ಲಿದೆ. ಮಾಲಿನ್ಯಕ್ಕೆ ನೇರವಾಗಿ ಸಂಬಂಧಿಸಿದ ಕೆಲಸವನ್ನು ನಿರ್ವಹಿಸಿದವರು, ನಿರ್ದೇಶಿಸಿದವರು ಜಾಗವನ್ನು ನಡೆಸಿದ ನಿರ್ವಾಹಕರೆಂದು ಪರಿಗಣಿತರಾಗಿ ಹೊಣೆ ಹೊರಬೇಕಾಗಬಹುದು. ತಿಂಗಳ ಸಭೆಗೆ ಬಂದು ಕೈಯೆತ್ತಿದವರಿಗೂ, 'ಆ ಸೀಸದ ಮಣ್ಣನ್ನು ಹಿಂದಿನ ಗುಂಡಿಗೆ ತಳ್ಳಿಬಿಡಿ' ಎಂದು ಬುಲ್ಡೋಜರಿನವನಿಗೆ ಹೇಳಿದವರಿಗೂ ಇರುವ ವ್ಯತ್ಯಾಸ ಅದು. ಮಣ್ಣು ಅಲುಗಾಡಿಸುವ ಯಾವ ಕೆಲಸಕ್ಕೂ ಸಮಿತಿಯ ಲಿಖಿತ ನಿರ್ಣಯವಿಲ್ಲದೆ ಒಬ್ಬರೇ ಅಪ್ಪಣೆ ಕೊಡಬೇಡಿ.

ಜಮೀನು ಗುತ್ತಿಗೆಯದಾಗಿದ್ದರೆ ಕರಾರಿನಲ್ಲಿ ನೆಲವನ್ನು ಮೊದಲಿನ ಸ್ಥಿತಿಯಲ್ಲಿ ಮರಳಿಸಬೇಕೆಂಬ ಷರತ್ತು, ಮಾಲೀಕರಿಗೆ ನಷ್ಟ ತುಂಬಿಕೊಡುವ ಷರತ್ತು ಇವೆಯೇ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ಲೇಕ್ ಮರ್ಸೆಡ್ ದಡದಲ್ಲಿ 1934ರಿಂದ ಇದ್ದ ಪೆಸಿಫಿಕ್ ರಾಡ್ ಅಂಡ್ ಗನ್ ಕ್ಲಬ್ಬಿನ ಜಮೀನು ನಗರದ ನೀರು ಸರಬರಾಜು ಆಯೋಗದ್ದು. ಕ್ಲಬ್ಬು 1994ರಲ್ಲೇ ಸೀಸದ ಚರೆ ನಿಲ್ಲಿಸಿತ್ತು. ಆದರೂ ಎರಡು ದಶಕಗಳ ಬಳಿಕ ಪ್ರಾದೇಶಿಕ ಜಲ ಮಂಡಳಿಯ ಆದೇಶ ಬಂತು, 2015ರಲ್ಲಿ ಕ್ಲಬ್ಬು ಜಾಗ ಖಾಲಿ ಮಾಡಿತು, ಆಯೋಗ ನೆಲವನ್ನು ಅಗೆದು ಶುದ್ಧಗೊಳಿಸಲು ಎರಡು ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು. ಸೀಸ ನಿಲ್ಲಿಸಿದ ಕ್ಲಬ್ಬಿಗೂ ಅದಕ್ಕೂ ಹಿಂದಿನ ಅರವತ್ತು ವರ್ಷಗಳು ಉಳಿದೇ ಇರುತ್ತವೆ.

ಕ್ಲಬ್ಬನ್ನು ವಿಸರ್ಜಿಸಿ ಉಳಿದ ಹಣ ಹಂಚಿಕೊಂಡರೆ ಹೇಗೆ ಎಂಬ ಪ್ರಶ್ನೆ ನಮ್ಮಲ್ಲೂ ಬಂತು. ಇದಕ್ಕಿಂತ ಅಪಾಯದ ಹೆಜ್ಜೆ ಬೇರೆಯಿಲ್ಲ. ಗೊತ್ತಿರುವ ಸಾಲ ಮತ್ತು ಹೊಣೆ ತೀರಿಸದೆ ಆಸ್ತಿ ಹಂಚಿದ ನಿರ್ದೇಶಕರು ಆ ಹಣಕ್ಕೆ ಸ್ವಂತವಾಗಿ ಉತ್ತರ ಹೇಳಬೇಕಾಗುತ್ತದೆ.

ಊರಿಗೆ ಮರಳಿ ಅಲ್ಲಿನ ರೈಫಲ್ ಸಂಸ್ಥೆಗಳ ಸಮಿತಿಗೆ ಸೇರುವವರಿಗೂ ಒಂದು ಮಾತು. ಕರ್ನಾಟಕದಲ್ಲಿ ಇಂಥ ಸಂಸ್ಥೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೂ 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ ಎಟುಕಿನಿಂದ ಹೊರಗಿರುವುದಿಲ್ಲ. ಮಾಲಿನ್ಯ ಮಾಡಿದವರೇ ತೆರಬೇಕೆಂಬ ತತ್ವ ಆ ಕಾಯ್ದೆಯಲ್ಲೇ ಇದೆ, ಪರಿಹಾರದ ಅರ್ಜಿಗೆ ಐದು ವರ್ಷಗಳ ಅವಧಿಯಿದೆ. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮಲಿನ ಜಾಗಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ಹೊರಡಿಸಿ, ಶುದ್ಧೀಕರಣದ ಖರ್ಚನ್ನು ಹೊಣೆಗಾರರ ಮೇಲೆ ಹಾಕಿದೆ.

ಹಳೆಯ ವಿಮಾಪತ್ರವನ್ನು ಹುಡುಕಿ

ನನ್ನ ಆರು ವರ್ಷಗಳಲ್ಲಿ ಕ್ಲಬ್ಬಿಗೆ ಅತಿ ಹೆಚ್ಚು ಉಪಕಾರವಾದದ್ದು ಒಂದು ಸ್ಟೀಲ್ ಕಪಾಟಿನ ಕೆಳಗಿನ ಖಾನೆಯಿಂದ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಆ ಖಾನೆಯಲ್ಲಿ ಅಂಕಪಟ್ಟಿಗಳ ಕೆಳಗೆ, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದ್ದ ಕಂದು ಲಕೋಟೆಯಲ್ಲಿ, 1968ರಿಂದ 1979ರವರೆಗಿನ ಸಾರ್ವಜನಿಕ ಹೊಣೆಗಾರಿಕೆ ವಿಮಾಪತ್ರಗಳಿದ್ದವು. ಇವತ್ತಿನ ವಿಮಾಪತ್ರದಿಂದ ಮಾಲಿನ್ಯಕ್ಕೆ ಹಣ ಬರುವುದಿಲ್ಲ, ಏಕೆಂದರೆ 1986ರ ಹೊತ್ತಿಗೆ ಅಮೆರಿಕದ ವಿಮಾ ಕಂಪನಿಗಳು ಮಾಲಿನ್ಯವನ್ನು ಪೂರ್ತಿ ಹೊರಗಿಡುವ ಷರತ್ತನ್ನು ಸಾಮಾನ್ಯ ಪತ್ರಗಳಿಗೆ ಸೇರಿಸಿದವು. ಅದಕ್ಕೆ ಮೊದಲು, 1970ರ ದಶಕದ ಆರಂಭದಿಂದ, ಹಠಾತ್ತಾಗಿ ಮತ್ತು ಆಕಸ್ಮಿಕವಾಗಿ ಆದ ಮಾಲಿನ್ಯಕ್ಕೆ ಮಾತ್ರ ರಕ್ಷಣೆ ಎಂಬ ಷರತ್ತಿತ್ತು, ಅದರ ಅರ್ಥವೇನು ಎಂಬುದರ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ತೀರ್ಪುಗಳಿವೆ. ಅದಕ್ಕೂ ಹಿಂದಿನ ಪತ್ರಗಳಲ್ಲಿ ಆ ಷರತ್ತೇ ಇಲ್ಲ. ಆಗಿನ ಪತ್ರಗಳು ಘಟನೆ ನಡೆದ ಕಾಲವನ್ನು ಆಧರಿಸಿದ್ದರಿಂದ, 1969ರಲ್ಲಿ ಆದ ಹಾನಿಯ ಬಗ್ಗೆ ಇಂದು ದಾವೆ ಬಂದರೂ 1969ರ ವಿಮಾದಾರರೇ ಉತ್ತರಿಸಬೇಕು.

ಪತ್ರವೇ ಸಿಗದಿದ್ದರೆ ಕೈಚೆಲ್ಲಬೇಡಿ. ನಗದು ಪುಸ್ತಕದಲ್ಲಿ ಪ್ರೀಮಿಯಂ ಕಟ್ಟಿದ ನಮೂದು, ನಡಾವಳಿಯಲ್ಲಿ ನವೀಕರಣದ ಠರಾವು, ಜಮೀನಿನ ಮಾಲೀಕರಿಗೆ ಕೊಟ್ಟ ವಿಮಾ ಪ್ರಮಾಣಪತ್ರದ ಪ್ರತಿ, ನಿವೃತ್ತ ಏಜೆಂಟರ ಕಡತ ಇವೆಲ್ಲ ಪತ್ರವಿತ್ತೆಂಬುದಕ್ಕೆ ಪರೋಕ್ಷ ಸಾಕ್ಷ್ಯ. ವಿಮಾ ಕಂಪನಿ ಕೈಬದಲಾಗಿ ಹೆಸರು ಬದಲಿಸಿದ್ದರೆ ಅದರ ಉತ್ತರಾಧಿಕಾರಿ ಯಾರೆಂದು ರಾಜ್ಯದ ವಿಮಾ ಇಲಾಖೆಯಲ್ಲಿ ವಿಚಾರಿಸಬಹುದು. ಇಂಥ ಹಳೆಯ ವಿಮೆಯನ್ನು ಹುಡುಕಿಕೊಡುವುದನ್ನೇ ವೃತ್ತಿ ಮಾಡಿಕೊಂಡವರೂ ಇದ್ದಾರೆ. ಆದರೆ ಸದಸ್ಯರ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಮೊದಲು ನೀವೇ ನೋಡಿ.

ವಿಮಾದಾರರು ಒಡ್ಡುವ ತಡೆಗಳೂ ತಿಳಿದಿರಲಿ. ಸ್ವಂತ ಜಮೀನಿಗೆ ಆದ ಹಾನಿ ನಮ್ಮದಲ್ಲ ಎನ್ನುತ್ತಾರೆ, ಆಗ ತೊರೆ, ನೆರೆಯ ನೆಲ, ಅಂತರ್ಜಲ ಇವು ಕ್ಲಬ್ಬಿನ ಸ್ವತ್ತಲ್ಲ ಎಂಬುದನ್ನು ತೋರಿಸಬೇಕು. ನೀವು ಬೇಕೆಂದೇ ಹೊಡೆದ ಚರೆಗೆ ವಿಮೆ ಏಕೆ ಎನ್ನುತ್ತಾರೆ, ಆಗ ಹೊಡೆದದ್ದು ಬೇಕೆಂದೇ ಆದರೂ ಹಾನಿ ಬಯಸಿದ್ದಲ್ಲ, ನಿರೀಕ್ಷಿಸಿದ್ದೂ ಅಲ್ಲ ಎಂಬುದೇ ಉತ್ತರ. ಎಲ್ಲಕ್ಕಿಂತ ಮುಖ್ಯವಾದದ್ದು ಸೂಚನೆ. ದೂರು ಬಂದ ಕೂಡಲೇ ಗೊತ್ತಿರುವ ಪ್ರತಿ ವಿಮಾದಾರರಿಗೂ, ಪ್ರತಿ ವರ್ಷದ ಪತ್ರದ ಸಂಖ್ಯೆ ಹಾಕಿ, ದಾಖಲೆ ಸಿಗುವ ಅಂಚೆಯಲ್ಲಿ ತಿಳಿಸಬೇಕು. ತಡವಾದರೆ ರಕ್ಷಣೆಯೇ ಕೈತಪ್ಪಬಹುದು. ನಷ್ಟ ತುಂಬುವ ಕರ್ತವ್ಯಕ್ಕಿಂತ ವಕೀಲರನ್ನು ಇಟ್ಟು ವಾದಿಸುವ ಕರ್ತವ್ಯ ವಿಶಾಲವಾದದ್ದು, ಮತ್ತು ಸಣ್ಣ ಕ್ಲಬ್ಬಿಗೆ ಜೀವದಾನ ಮಾಡುವುದು ಆ ವಕೀಲರ ಖರ್ಚೇ. ನಮ್ಮ ಪ್ರಕರಣದಲ್ಲಿ ಹಳೆಯ ವಿಮಾದಾರರೊಬ್ಬರು, ಮುಂದೆ ನಿರಾಕರಿಸುವ ಹಕ್ಕನ್ನು ಕಾಯ್ದಿರಿಸಿಕೊಂಡೇ, ವಕೀಲರ ಶುಲ್ಕ ಕೊಡಲು ಒಪ್ಪಿದ ದಿನ ನಾನು ಎಷ್ಟೋ ತಿಂಗಳ ಬಳಿಕ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಮಣ್ಣು ಪರೀಕ್ಷೆಗೆ ಮುನ್ನ

ಉತ್ಸಾಹಿ ಸದಸ್ಯರೊಬ್ಬರು ಮಣ್ಣಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಫಲಿತಾಂಶವನ್ನು ಎಲ್ಲರಿಗೂ ಇಮೇಲ್ ಮಾಡುವುದು ಕ್ಲಬ್ಬುಗಳಲ್ಲಿ ಆಗಾಗ ನಡೆಯುತ್ತದೆ. ಹಾಗೆ ಮಾಡಬೇಡಿ. ಮೊದಲು ವಕೀಲರನ್ನು ಗೊತ್ತುಮಾಡಿ, ಪರಿಸರ ಸಲಹೆಗಾರರನ್ನು ವಕೀಲರ ಮೂಲಕವೇ ನೇಮಿಸಿ. ಆಗ ಸಲಹೆ, ವಿಶ್ಲೇಷಣೆ, ಕರಡು ವರದಿಗಳಿಗೆ ಗೌಪ್ಯತೆಯ ರಕ್ಷಣೆ ಸಿಗುವ ಸಾಧ್ಯತೆ ಹೆಚ್ಚು. ಇದರ ಉದ್ದೇಶ ಸತ್ಯವನ್ನು ಮುಚ್ಚಿಡುವುದಲ್ಲ, ಮುಚ್ಚಿಡಲು ಆಗುವುದೂ ಇಲ್ಲ; ಮಣ್ಣಿನಲ್ಲಿರುವ ಸೀಸದ ಪ್ರಮಾಣ ಯಾವತ್ತೂ ಗೌಪ್ಯವಲ್ಲ. ಕೆಲವು ರಾಜ್ಯಗಳಲ್ಲಿ ನಿಗದಿತ ಮಟ್ಟಕ್ಕಿಂತ ಹೆಚ್ಚು ಕಂಡುಬಂದರೆ ಇಷ್ಟು ದಿನಗಳೊಳಗೆ ವರದಿ ಮಾಡಲೇಬೇಕು. ಆ ಗಡುವನ್ನು ಮಾದರಿ ತೆಗೆಯುವ ಮೊದಲೇ ತಿಳಿದುಕೊಳ್ಳಬೇಕು, ತೆಗೆದ ಮೇಲೆ ಅಲ್ಲ. ಆದರೆ ಒಂದು ವಿಷಯಕ್ಕೆ ಯಾವ ತಂತ್ರವೂ ಅಡ್ಡ ಬರಬಾರದು: ಕೆಳಗಡೆ ಕುಡಿಯುವ ನೀರಿನ ಬಾವಿಯಿದ್ದರೆ, ಮಕ್ಕಳು ಆಡುವ ಜಾಗವಿದ್ದರೆ, ಅದರ ಪರೀಕ್ಷೆ ಮೊದಲು, ಉಳಿದದ್ದೆಲ್ಲ ಆಮೇಲೆ. ಸೀಸಕ್ಕೆ ಮಕ್ಕಳಲ್ಲಿ ಸುರಕ್ಷಿತ ಮಟ್ಟ ಎಂಬುದೇ ಇಲ್ಲ.

ಹಳೆಯ ವರದಿಯಲ್ಲಿ 'ಮಿತಿಯೊಳಗಿದೆ' ಎಂದಿದ್ದರೆ ಆ ಮಿತಿ ಯಾವ ವರ್ಷದ್ದೆಂದು ನೋಡಿ. ವಸತಿ ನೆಲದ ಸೀಸಕ್ಕೆ ಇಪಿಎ ಮೂರು ದಶಕ ಬಳಸಿದ, ಮೀರಿದರೆ ಹೆಚ್ಚಿನ ತನಿಖೆ ಬೇಕೆನ್ನುವ ಮಟ್ಟ ಹತ್ತು ಲಕ್ಷ ಭಾಗಕ್ಕೆ 400. 2024ರ ಜನವರಿಯಲ್ಲಿ ಅದನ್ನು 200ಕ್ಕೆ ಇಳಿಸಲಾಯಿತು. ಇದು ರೇಂಜಿನ ಒಳಗಿನ ನೆಲಕ್ಕೆ ವಿಧಿಸಿದ ಮಿತಿಯಲ್ಲ, ಆದರೆ ಚರೆ ನೆರೆಯವರ ಹಿತ್ತಲಿಗೆ ಬಿದ್ದಿದ್ದರೆ ಚರ್ಚೆ ಶುರುವಾಗುವುದೇ ಆ ಅಂಕಿಯಿಂದ.

ಹಣ ಎಲ್ಲಿಂದ, ಲೆಕ್ಕ ಹೇಗೆ

ಒಂದು ಹೆಕ್ಟೇರ್ ನೆಲದ ಮೇಲ್ಮಣ್ಣನ್ನು ಹದಿನೈದು ಸೆಂಟಿಮೀಟರ್ ಆಳಕ್ಕೆ ತೆಗೆದರೆ 1,500 ಘನ ಮೀಟರ್, ಅಂದರೆ ಎರಡು ಸಾವಿರ ಟನ್ನಿಗೂ ಹೆಚ್ಚು ಮಣ್ಣು. ಮಣ್ಣಿನಿಂದ ಸೀಸ ಎಷ್ಟು ಕರಗಿ ದ್ರವಕ್ಕೆ ಇಳಿಯುತ್ತದೆಂದು ನೋಡುವ ಪರೀಕ್ಷೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಹೊರಬಂದರೆ ಆ ಮಣ್ಣು ಅಪಾಯಕಾರಿ ತ್ಯಾಜ್ಯವೆನಿಸಿ ವಿಲೇವಾರಿಯ ದರ ಹಲವು ಪಟ್ಟು ಏರುತ್ತದೆ. ಆದ್ದರಿಂದ ಮಣ್ಣನ್ನು ಸಾಗಿಸುವ ಮೊದಲು ಸೀಸವನ್ನು ಬೇರ್ಪಡಿಸುವುದೇ ಜಾಣತನ. ದಿಬ್ಬದಿಂದ, ಚರೆ ಬೀಳುವ ಪಟ್ಟಿಯಿಂದ ಜರಡಿ ಹಿಡಿದು ತೆಗೆದ ಸೀಸವನ್ನು ಮರುಬಳಕೆಗೆ ಮಾರಿದರೆ ಅದು ಗುಜರಿ ಲೋಹವೆಂಬ ವಿನಾಯಿತಿಗೆ ಒಳಪಡುತ್ತದೆ. ಕ್ಲಬ್ಬಿನಲ್ಲಿ ಸಾಕಷ್ಟು ಸೀಸವಿದ್ದರೆ ಸೀಸದ ಪಾಲಿಗೆ ಬದಲಾಗಿ ಕೆಲಸ ಮಾಡಿಕೊಡುವ ಗುತ್ತಿಗೆದಾರರೂ ಸಿಗುತ್ತಾರೆ. ಎಷ್ಟು ತೂಕ ಹೋಯಿತು, ಯಾವ ಕುಲುಮೆಗೆ ಹೋಯಿತು ಎಂಬ ರಸೀದಿ ಇಟ್ಟುಕೊಳ್ಳಿ. ಕಾಲಕಾಲಕ್ಕೆ ಸೀಸ ತೆಗೆಯುವ ರೇಂಜು ತನ್ನ ಗುಂಡನ್ನು ಬಿಸಾಡಿಲ್ಲ ಎಂದು ವಾದಿಸಲು ಆ ರಸೀದಿಗಳೇ ಗಟ್ಟಿ ಆಧಾರ. ಆ ಆದಾಯವನ್ನು ಕ್ಲಬ್ಬಿನ ವಾರ್ಷಿಕ ಊಟಕ್ಕೆ ಖರ್ಚು ಮಾಡದೆ ಶುದ್ಧೀಕರಣದ ಪ್ರತ್ಯೇಕ ನಿಧಿಗೆ ಹಾಕಬೇಕೆಂದು ನಾವು ಉಪವಿಧಿಯಲ್ಲೇ ಸೇರಿಸಿದೆವು.

ಲೆಕ್ಕಪತ್ರದ ಕಡೆ ಖಜಾಂಚಿ ಎಚ್ಚರವಾಗಿರಬೇಕಾದ ಜಾಗ ಎರಡು. ನಷ್ಟ ಸಂಭವನೀಯವೂ ಅಂದಾಜಿಗೆ ಸಿಗುವಂಥದ್ದೂ ಆಗಿದ್ದರೆ ಅದನ್ನು ಹೊಣೆಯೆಂದು ಬರೆಯಲೇಬೇಕು, ಸಾಧ್ಯತೆ ಮಾತ್ರ ಇದ್ದರೆ ಟಿಪ್ಪಣಿಯಲ್ಲಿ ತಿಳಿಸಬೇಕು. ಗುತ್ತಿಗೆ ಮುಗಿದಾಗ ನೆಲವನ್ನು ಶುದ್ಧಮಾಡಿ ಒಪ್ಪಿಸುವ ಕಾನೂನುಬದ್ಧ ಕರ್ತವ್ಯವಿದ್ದರೆ ಅದೂ ಇವತ್ತಿನ ಹೊಣೆಯೇ. ಇದನ್ನು ಬರೆದ ವರ್ಷ ನಮ್ಮ ಆಸ್ತಿ ಪಟ್ಟಿಯ ಕೊನೆಯ ಸಾಲು ಋಣಕ್ಕೆ ತಿರುಗಿತು, ಸಭೆಯಲ್ಲಿ ಕೂಗಾಟವಾಯಿತು. ಆದರೂ ಬರೆಯುವುದೇ ಸರಿ. ಆ ಟಿಪ್ಪಣಿ ನೋಡಿದ ಮೇಲೆಯೇ ಸದಸ್ಯರು ವಿಶೇಷ ವಂತಿಗೆಗೆ ಒಪ್ಪಿದರು. ವಂತಿಗೆ ವಿಧಿಸುವ ಅಧಿಕಾರ ಉಪವಿಧಿಯಲ್ಲಿ ಇದೆಯೇ, ಎಷ್ಟು ಬಹುಮತ ಬೇಕು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಕೋವಿ ಮತ್ತು ತೋಟೆಗಳ ಮೇಲಿನ ಅಬಕಾರಿ ತೆರಿಗೆಯಿಂದ ರಾಜ್ಯಗಳಿಗೆ ಹಣ ಹೋಗುವ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ನೆರವನ್ನೂ ವಿಚಾರಿಸಬಹುದು. ಅದು ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದ ರೇಂಜುಗಳಿಗೆ ಸಿಗುವಂಥದ್ದು.

ಪತ್ರ ಬಂದ ದಿನ

ದಾವೆಯ ಮುನ್ಸೂಚನೆಯ ಪತ್ರಕ್ಕೆ ಗಡಿಯಾರವಿದೆ. ನೀರಿನ ಕಾಯ್ದೆಯಡಿ 60 ದಿನ, ತ್ಯಾಜ್ಯ ಕಾಯ್ದೆಯ ಅಪಾಯದ ದಾವೆಗೆ 90 ದಿನ ಕಳೆದ ಮೇಲೆ ಅವರು ನ್ಯಾಯಾಲಯಕ್ಕೆ ಹೋಗಬಹುದು. ಲಕೋಟೆಯ ಮೇಲಿನ ಅಂಚೆ ಮುದ್ರೆಯ ಸಮೇತ ಪತ್ರವನ್ನು ಕಡತದಲ್ಲಿಡಿ. ಅದೇ ದಿನ ಸಮಿತಿಯ ಪ್ರತಿಯೊಬ್ಬರಿಗೂ ಯಾವ ಇಮೇಲ್, ಯಾವ ಪುಸ್ತಕ, ಯಾವ ಫೋಟೋವನ್ನೂ ಅಳಿಸಬಾರದೆಂದು ಲಿಖಿತವಾಗಿ ತಿಳಿಸಿ, ದಾಖಲೆ ನಾಶ ಮೂಲ ಆರೋಪಕ್ಕಿಂತ ದೊಡ್ಡ ಪೆಟ್ಟು ಕೊಡುತ್ತದೆ. ನೆರೆಯವರ ಮನೆಗೆ ಹೋಗಿ ಮಾತಾಡಿ ಬರುತ್ತೇನೆಂದು ಹೊರಟ ಅಧ್ಯಕ್ಷರನ್ನು ನಾನು ಕೈಹಿಡಿದು ನಿಲ್ಲಿಸಿದ್ದೆ. ಮಾತುಕತೆ ಬೇಡವೆಂದಲ್ಲ, ವಕೀಲರೊಡನೆ ಚರ್ಚಿಸಿದ ನಂತರ ಆಗಲಿ ಎಂದು. ಆಮೇಲೆ ಆ ಮಾತುಕತೆ ನಡೆದೇ ನಡೆಯಿತು. ಐದನೆಯ ಅಂಕಣವನ್ನು ಮುಚ್ಚಿ, ಉಳಿದವುಗಳ ದಿಕ್ಕು ತಿರುಗಿಸಿ, ಸೀಸದ ಬದಲು ಉಕ್ಕಿನ ಚರೆಗೆ ಬಂದು, ತೊರೆಯಂಚಿನ ಪಟ್ಟಿಯನ್ನು ರಾಜ್ಯದ ಮೇಲ್ವಿಚಾರಣೆಯಲ್ಲಿ ಸ್ವಚ್ಛಗೊಳಿಸುವ ಒಪ್ಪಂದವಾಯಿತು. ಅದರ ಮಾತುಕತೆಗೇ ಹದಿನಾಲ್ಕು ತಿಂಗಳು ಹಿಡಿಯಿತು.

ಅಧಿಕಾರ ಬಿಟ್ಟುಕೊಟ್ಟ ದಿನ ಹೊಸ ಖಜಾಂಚಿಗೆ ನಾನು ಕೊಟ್ಟದ್ದು ಚೆಕ್ ಪುಸ್ತಕ ಮಾತ್ರವಲ್ಲ. ದಶಕವಾರು ಸೀಸದ ಅಂದಾಜಿನ ಹಾಳೆ, ಬೀಸಣಿಗೆ ಎಳೆದ ನಕ್ಷೆ, ಗುತ್ತಿಗೆ ಕರಾರು, ಸೀಸ ಮಾರಿದ ರಸೀದಿಗಳು, ನೋಂದಣಿಯ ವಾರ್ಷಿಕ ವರದಿ ಸಲ್ಲಿಸುವ ದಿನಾಂಕ, ಮತ್ತು ಹನ್ನೆರಡು ವರ್ಷದ ವಿಮಾಪತ್ರಗಳ ನಕಲು. ಮೂಲ ಪ್ರತಿಗಳು ಬ್ಯಾಂಕ್ ಲಾಕರಿನಲ್ಲಿವೆ, ಅದರ ಬೀಗದ ಕೈ ಇಬ್ಬರು ಪದಾಧಿಕಾರಿಗಳ ಬಳಿ ಇದೆ.